ಸೀತಾ ಹೊಳೆಯಲ್ಲಿ ಗುಂಪಾಗಿ ಕಯಾಕ್: ಭರತ ನೋಡಿ ದಿನ ಇಡಿ

ಗುಂಪು ಕಟ್ಟಿಕೊಂಡು ಕಯಾಕ್‌ನಲ್ಲಿ, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಯಲ್ಲಿ, ಹೊಳೆಗೆ ಹೋಗೋಣ ಅಂದ ಕೂಡಲೇ ವಾಟ್ಸಾಪಿನಲ್ಲಿ ಶುರುವಾಗುವ ಮೊದಲ ಮಾತು ಯಾರಿಗೆ ಯಾವ ಭಾನುವಾರ ಬಿಡುವು ಅನ್ನುವುದು. ಕರಾವಳಿಯ ಹೊಳೆಗೆ ಹೋಗುವುದಾದರೆ ಅದು ಎರಡನೆಯ ಮಾತು. ಮೊದಲು ನೋಡಬೇಕಾದದ್ದು ಆ ದಿನ ಭರತ, ಅಂದರೆ ಕಡಲ ನೀರು ಪೂರ್ತಿ ಏರುವುದು, ಎಷ್ಟು ಹೊತ್ತಿಗೆ ಅಂತ. ಅದೊಂದು ಸರಿಯಾಗಿದ್ದರೆ ಹುಟ್ಟು ಹಿಡಿದೇ ಗೊತ್ತಿಲ್ಲದವರೂ ಆರಾಮವಾಗಿ ಹೋಗಿ ಬರುತ್ತಾರೆ. ಅದು ತಪ್ಪಿದರೆ ಎಷ್ಟು ಗಟ್ಟಿ ತೋಳಿನವರಾದರೂ ಕೆಸರಲ್ಲಿ ದೋಣಿ ಎಳೆಯಬೇಕಾಗುತ್ತದೆ.

ನಾನು ಇಲ್ಲಿ ಹೇಳುವುದು ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಕ್ಕ, ಪಾರಂಪಳ್ಳಿ ಕಡೆಯ ಸೀತಾ ಹೊಳೆಯ ಹಿನ್ನೀರಿನ ಬಗ್ಗೆ. ಉಡುಪಿಯಿಂದ ಕುಂದಾಪುರದ ಕಡೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 20 ಕಿ.ಮೀ. ಹೋದರೆ ಸಾಲಿಗ್ರಾಮ. ಗುರು ನರಸಿಂಹ ದೇವಸ್ಥಾನದ ಊರು. ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿಗೇ ತೆಂಗಿನ ತೋಟ, ಅದರಾಚೆ ಹೊಳೆ. ಎರಡೂ ದಡದಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು. ನೀರು ಎಷ್ಟು ಸುಮ್ಮನಿರುತ್ತದೆ ಅಂದರೆ ಬೆಳಿಗ್ಗೆ ಏಳಕ್ಕೆ ಹೋದವರು ಇದು ಹರಿಯುವ ಹೊಳೆಯೇ ಅಲ್ಲ ಅಂದುಕೊಳ್ಳುತ್ತಾರೆ. ಹೊನ್ನಾವರದ ಶರಾವತಿ, ಕುಂದಾಪುರದ ಪಂಚಗಂಗಾವಳಿ, ಕೆಮ್ಮಣ್ಣಿನ ತೂಗುಸೇತುವೆ ಹತ್ತಿರದ ಸುವರ್ಣಾ ಹೊಳೆ, ಇಲ್ಲೆಲ್ಲ ಲೆಕ್ಕಾಚಾರ ಹೆಚ್ಚುಕಮ್ಮಿ ಇದೇ. ಕಾವೇರಿ, ತುಂಗಭದ್ರಾದಂಥ ಒಳನಾಡಿನ ಹೊಳೆಗೆ ಮಾತ್ರ ಇದನ್ನು ಹಚ್ಚಬೇಡಿ. ಅಲ್ಲಿ ನೀರಿನ ಏರಿಳಿತ ಅಣೆಕಟ್ಟಿನ ಗೇಟಿನ ಮೇಲೆ ನಿಂತಿರುತ್ತದೆ, ಚಂದ್ರನ ಮೇಲಲ್ಲ.

ಭರತ, ಇಳಿತ, ಮತ್ತು ನಿಮ್ಮ ಭಾನುವಾರ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದು ಇಳಿತದಿಂದ ಮುಂದಿನ ಭರತಕ್ಕೆ ಸುಮಾರು ಆರೂಕಾಲು ಗಂಟೆ. ಇವತ್ತು ಭರತ 10:30ಕ್ಕೆ ಇದ್ದರೆ ನಾಳೆ ಸುಮಾರು 11:20ಕ್ಕೆ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇದರಿಂದ ಗುಂಪಿಗೆ ಒಂದು ದೊಡ್ಡ ಉಪಕಾರ ಇದೆ. ಏಳು ದಿನಕ್ಕೆ ಹತ್ತಿರಹತ್ತಿರ ಆರು ಗಂಟೆ ಸರಿಯುತ್ತದೆ, ಅಲ್ವಾ? ಹಾಗಾಗಿ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪೂರ್ತಿ ಇಳಿತ ಬಂದಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಭರತದ ಆಸುಪಾಸು ಇರುತ್ತದೆ. ಒಂದು ವಾರ ಮುಂದೂಡಿದರೆ ಸಾಕು, ಹೊಳೆಯ ಮುಖವೇ ಬೇರೆ.

ಸಮಯ ನೋಡಲು ಕಡಲ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್ಕಾಯ್ಸ್‌ನ (INCOIS) ಭರತ-ಇಳಿತದ ಮುನ್ಸೂಚನೆ ಅಂತರ್ಜಾಲದಲ್ಲಿ ಸಿಗುತ್ತದೆ. ಮಲ್ಪೆ ಅಥವಾ ಮಂಗಳೂರಿನ ಸಮಯ ತೆಗೆದುಕೊಳ್ಳಿ. ಅದು ಕಡಲ ಅಂಚಿನ ಲೆಕ್ಕ. ಹೊಳೆಯ ಒಳಗೆ ನೀರು ಏರುವುದು ಸ್ವಲ್ಪ ತಡ, ಎಷ್ಟು ತಡ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಆ ಕೊನೆಯ ಲೆಕ್ಕ ಅಲ್ಲಿಯ ಮೀನುಗಾರರ ಹತ್ತಿರ ಕೇಳಿ. ಅವರಿಗೆ ತಿಥಿ ಹೇಳಿದರೆ ಸಾಕು, ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ಬೆರಳು ಮಡಚಿ ಹೇಳುತ್ತಾರೆ.

ಇನ್ನೊಂದು ವಿಷಯ. ನೀರು ಒಂದೇ ಸಮನೆ ಏರುವುದಿಲ್ಲ. ಏರುವ ಒಟ್ಟು ಎತ್ತರವನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಆಮೇಲೆ 2, ಕೊನೆಗೆ 1. ಇದು ಅಂದಾಜು ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. ನಡುವಿನ ಎರಡು ಗಂಟೆಯಲ್ಲಿ ಸೆಳೆತ ಜಾಸ್ತಿ, ತುದಿಯಲ್ಲಿ ನೀರು ನಿಂತ ಹಾಗೇ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಏರಿಳಿತವೂ ದೊಡ್ಡದು, ಸೆಳೆತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣದು. ಹೊಸಬರು ಹೆಚ್ಚಿರುವ ಗುಂಪಿಗೆ ಅಷ್ಟಮಿಯ ಹತ್ತಿರದ ದಿನ ಒಳ್ಳೆಯದು. ಆದರೆ ಕಾಂಡ್ಲದ ಸಣ್ಣ ಸಣ್ಣ ಓಣಿಗಳೊಳಗೆ ಹೋಗಬೇಕು ಅಂತ ಆಸೆ ಇದ್ದರೆ ನೀರು ಚೆನ್ನಾಗಿ ತುಂಬುವ ದಿನವೇ ಬೇಕು. ನೀರು ಕಡಿಮೆ ಇದ್ದಾಗ ಆ ಓಣಿಗಳಲ್ಲಿ ಕಾಣುವುದು ಬೇರು ಮತ್ತು ಕೆಸರು ಮಾತ್ರ.

ಈಗ ದಿನದ ಯೋಜನೆ. ಭರತ 10:30ಕ್ಕೆ ಅಂತ ಇಟ್ಟುಕೊಳ್ಳಿ. 7:15ಕ್ಕೆ ಎಲ್ಲರೂ ದಡದಲ್ಲಿರಬೇಕು. 8ಕ್ಕೆ ನೀರಿಗೆ. ಆಗ ನೀರು ಇನ್ನೂ ಏರುತ್ತಿರುತ್ತದೆ, ಕಡಲ ಕಡೆಯಿಂದ ಒಳಗೆ ತಳ್ಳುತ್ತಿರುತ್ತದೆ. ಆ ತಳ್ಳುವಿಕೆಯ ಜೊತೆಗೇ, ಅಳಿವೆಗೆ (ಹೊಳೆ ಕಡಲು ಸೇರುವ ಜಾಗಕ್ಕೆ) ಬೆನ್ನು ಹಾಕಿ ಒಳಗಿನ ಕಡೆ ಹೋಗಿ. ಒಂದೂವರೆ ಗಂಟೆ ಹೀಗೆ ಅಡ್ಡಾಡಿ, ಅರ್ಧ ಗಂಟೆ ಎಲ್ಲಾದರೂ ನಿಂತು ತಿಂಡಿ ತಿಂದು, 10ರ ಸುಮಾರಿಗೆ ವಾಪಸ್ ತಿರುಗಿ. ಆಗ ನೀರು ಹೆಚ್ಚುಕಮ್ಮಿ ನಿಂತಿರುತ್ತದೆ, ಹಾಗಾಗಿ ಬರುವಾಗ ಎದುರು ಸೆಳೆತದ ಕಾಟ ಇಲ್ಲ. 11ಕ್ಕೆ ದಡ ಹತ್ತಿದರೆ ಬಿಸಿಲೂ ತಪ್ಪಿತು, ಗಾಳಿಯೂ ತಪ್ಪಿತು. ನೀರು ಜೋರಾಗಿ ಇಳಿಯಲು ಶುರುವಾಗುವ ಹೊತ್ತಿಗೆ ನಿಮ್ಮ ಗುಂಪು ಬಟ್ಟೆ ಬದಲಿಸಿ ಊಟಕ್ಕೆ ಹೊರಟಿರುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಳಿತದ ನೀರು ಹೋಗುವುದು ಅಳಿವೆಗೆ. ಸೀತಾ ಮತ್ತು ಸುವರ್ಣಾ ಎರಡೂ ಹೊಳೆಗಳು ಕೋಡಿಬೆಂಗ್ರೆಯ ಹತ್ತಿರ ಒಂದೇ ಅಳಿವೆಯಿಂದ ಕಡಲು ಸೇರುತ್ತವೆ. ದಡದಿಂದ ನೋಡಲು ಬಹಳ ಚೆಂದದ ಜಾಗ, ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಸಪೂರ ಮರಳಿನ ಪಟ್ಟಿ. ಆದರೆ ಇಳಿಯುವ ನೀರು ಮತ್ತು ಒಳನುಗ್ಗುವ ಅಲೆ ಅಲ್ಲಿ ಮುಖಾಮುಖಿಯಾಗುತ್ತವೆ. ಮೀನುಗಾರಿಕೆಯ ಬೋಟಿನವರೇ ಅಲ್ಲಿ ಹುಷಾರಾಗಿ ದಾಟುತ್ತಾರೆ. ಬಾಡಿಗೆ ಕಯಾಕ್ ತೆಗೆದುಕೊಂಡ ಗುಂಪು ಅಳಿವೆಯ ಕಡೆ ಹೋಗಲೇಬಾರದು. ಫೋಟೋ ಬೇಕಾದರೆ ಮಧ್ಯಾಹ್ನ ರಸ್ತೆಯಲ್ಲಿ ಕೋಡಿಬೆಂಗ್ರೆಗೆ ಹೋಗಿ ಮರಳ ಮೇಲೆ ನಿಂತು ತೆಗೆಯಿರಿ.

ತಿಂಗಳು, ಗಾಳಿ, ಘಟ್ಟದ ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಡಿಸೆಂಬರ್, ಜನವರಿ, ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯದು. ಅಕ್ಟೋಬರ್, ನವೆಂಬರ್ ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುತ್ತದೆ, ಹಾಗಾಗಿ ಬೆಳಗಿನ ಹೊತ್ತು ಮಾತ್ರ. ಗುಡುಗು ಕೇಳಿದರೆ ಮಾತುಕತೆ ಇಲ್ಲ, ಹತ್ತಿರದ ದಡ. ದಡ ಹತ್ತಿದ ಮೇಲೆ ತೆಂಗಿನ ಮರದ ಬುಡದಲ್ಲಿ ನಿಲ್ಲಬೇಡಿ, ಯಾವುದಾದರೂ ಮನೆಯ ಒಳಗೆ ಸೇರಿಕೊಳ್ಳಿ.

ಅಕ್ಟೋಬರ್‌ನಲ್ಲಿ ಹೋಗುವವರು ಸಾಲಿಗ್ರಾಮದ ಆಕಾಶ ನೋಡಿದರೆ ಸಾಲದು. ಸೀತಾ ಹೊಳೆ ಬರುವುದು ಆಗುಂಬೆ ಕಡೆಯ ಘಟ್ಟದಿಂದ, ಹೆಬ್ರಿಯ ಬದಿಯಿಂದ ಇಳಿದು ಬಾರ್ಕೂರು ದಾಟಿ ಇಲ್ಲಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಇಲ್ಲಿ ಬಿಸಿಲಿದ್ದರೂ ಹಿಂದಿನ ರಾತ್ರಿ ಅಲ್ಲಿ ಹೊಡೆದ ಮಳೆಯ ನೀರು ಕೆಂಪಗೆ ಬಂದೇ ಬರುತ್ತದೆ. ನೀರಿನ ಬಣ್ಣ ನೋಡಿ. ಕೆಂಪಾಗಿದ್ದು ಕಸಕಡ್ಡಿ ತೇಲುತ್ತಿದ್ದರೆ ಆ ದಿನ ಬಿಟ್ಟುಬಿಡಿ.

ಗಾಳಿಯದ್ದು ಸುಲಭ. ಮುಂಜಾನೆ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ತಿರುಗಿ ಕಡಲಿನಿಂದ ಬೀಸಲು ಶುರುವಾಗುತ್ತದೆ. ಹನ್ನೊಂದರ ಮೇಲೆ ಅದು ಬಲ ಹಿಡಿಯುತ್ತದೆ, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ನೀರಿನ ಮೇಲೆ ಸಣ್ಣ ಅಲೆಗಳೇ ಏಳುತ್ತವೆ. ಕಯಾಕ್ ಹಗುರ, ಗಾಳಿಗೆ ಸುಲಭವಾಗಿ ಓರೆಯಾಗಿ ಹೋಗುತ್ತದೆ. ತಡವಾಗಿಬಿಟ್ಟರೆ ಪಡುಬದಿಯ ದಡ ಹಿಡಿದು ಬನ್ನಿ, ಆ ಕಡೆಯ ತೆಂಗಿನ ತೋಟ ಗಾಳಿಯನ್ನು ತಡೆಯುತ್ತದೆ. ಹೊಳೆಯ ನಡುವೆ ಬರುವುದಕ್ಕಿಂತ ಅರ್ಧ ಶ್ರಮ.

ಯಾರ ಜೊತೆ ಯಾರು

ಎಂಟರಿಂದ ಹನ್ನೆರಡು ಜನ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಗುಂಪು ಮಾಡಿ, ಎರಡಕ್ಕೂ ಬೇರೆ ಬೇರೆ ಮಾರ್ಗದರ್ಶಿ ಇರಲಿ. ಸ್ವಂತ ದೋಣಿ ಇಲ್ಲದವರು ಅಲ್ಲಿಯ ಕಯಾಕ್ ನಡೆಸುವವರ ಹತ್ತಿರವೇ ಬಾಡಿಗೆಗೆ ತೆಗೆದುಕೊಳ್ಳುವುದು. ಮೊದಲೇ ಫೋನ್ ಮಾಡಿ ಕೇಳಬೇಕಾದ ನಾಲ್ಕೈದು ಮಾತು ಇವೆ. ನಮ್ಮ ಜೊತೆ ನೀರಿಗೆ ಬರುವವರು ಎಷ್ಟು ಜನ, ಎಲ್ಲರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇದೆಯಾ, ಮಕ್ಕಳದ್ದು ಬೇರೆ ಇದೆಯಾ, ಏನಾದರೂ ಆದರೆ ಬರಲು ಮೋಟಾರು ದೋಣಿ ಸಿದ್ಧ ಇರುತ್ತದಾ, ನಿಮ್ಮ ಲೆಕ್ಕದಲ್ಲಿ ಆ ದಿನ ಭರತ ಎಷ್ಟು ಹೊತ್ತಿಗೆ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಅವರು ಹೊಳೆ ಗೊತ್ತಿದ್ದವರು ಅಂತ ಅರ್ಥ. "ನೀವು ಯಾವಾಗ ಬೇಕಾದರೂ ಬನ್ನಿ ಸರ್" ಅಂದರೆ ಬೇರೆಯವರನ್ನು ಹುಡುಕಿ.

ಹೊಸಬರಿಗೆ ಮೇಲೆ ಕೂರುವ ಬಗೆಯ ಕಯಾಕ್ ಒಳ್ಳೆಯದು, ಒಳಗೆ ಕಾಲು ತೂರಿಸಿ ಕೂರುವುದಲ್ಲ. ಮಗುಚಿದರೆ ಕಾಲು ಸಿಕ್ಕಿಹಾಕಿಕೊಳ್ಳುವ ಭಯ ಇಲ್ಲ. ಅದರ ತಳದಲ್ಲಿ ತೂತುಗಳಿರುತ್ತವೆ, ಅದರಿಂದ ಸ್ವಲ್ಪ ನೀರು ಮೇಲೆ ಬಂದು ಚಡ್ಡಿ ಒದ್ದೆಯಾಗುತ್ತದೆ. ದೋಣಿ ಮುಳುಗುತ್ತಿದೆ ಅಂತ ಗಾಬರಿಯಾಗಬೇಡಿ. ಒಳಬಂದ ನೀರು ಹೊರಹೋಗಲಿ ಅಂತಲೇ ಮಾಡಿದ ತೂತು ಅವು. ಹಿಂದುಗಡೆ ಒಂದು ಸಣ್ಣ ಬಿರಡೆ ಇರುತ್ತದೆ, ಅದು ಬೇರೆ. ಅದು ಬಿಗಿಯಾಗಿ ತಿರುಗಿಸಿದೆಯಾ ಅಂತ ಹೊರಡುವ ಮೊದಲು ಕೈಯಿಟ್ಟು ನೋಡಲೇಬೇಕು.

ಇಬ್ಬರ ಕಯಾಕಿನಲ್ಲಿ ತೂಕದವರು ಹಿಂದೆ, ಹಗುರದವರು ಮುಂದೆ. ದಿಕ್ಕು ತಿರುಗಿಸುವ ಕೆಲಸ ಹಿಂದಿನವರದ್ದು. ಮುಂದಿನವರು ಎಷ್ಟು ವೇಗದಲ್ಲಿ ಹುಟ್ಟು ಹಾಕುತ್ತಾರೋ ಹಿಂದಿನವರು ಅದಕ್ಕೆ ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಹುಟ್ಟಿಗೆ ಹುಟ್ಟು ಬಡಿಯುತ್ತದೆ. ಗಟ್ಟಿಗರಿಬ್ಬರು ಒಂದೇ ದೋಣಿ ಹತ್ತುವುದು ಬೇಡ. ಅವರು ಮುಂದೆ ಓಡುತ್ತಾರೆ, ಉಳಿದವರು ಹಿಂದೆ ಉಳಿಯುತ್ತಾರೆ, ಗುಂಪು ಹರಿದುಹೋಗುತ್ತದೆ. ಅನುಭವ ಇದ್ದವರನ್ನು ಹೆದರುವವರ ಜೊತೆ ಕೂರಿಸಿ. ಅತ್ತೆ, ಮಾವ, ಅಜ್ಜಿ ಯಾರೇ ಬರಲಿ, ಮಂಡಿನೋವು ಇದ್ದರೂ ಪರವಾಗಿಲ್ಲ, ಹತ್ತಿಳಿಯುವಾಗ ಇಬ್ಬರು ಹಿಡಿದುಕೊಂಡರೆ ಸಾಕು. ಹೃದಯದ ತೊಂದರೆ, ಫಿಟ್ಸ್, ಉಬ್ಬಸ ಇದ್ದವರು ಮೊದಲೇ ಮಾರ್ಗದರ್ಶಿಗೆ ಹೇಳಬೇಕು. ಇನ್ಹೇಲರ್ ದಡದ ಕಾರಿನಲ್ಲಿ ಇರುವುದಲ್ಲ, ಜೊತೆಗೇ ಇರಬೇಕು.

ಹಾಕಿಕೊಳ್ಳುವುದು, ಒಯ್ಯುವುದು

ಲೈಫ್ ಜಾಕೆಟ್ ವಿಷಯದಲ್ಲಿ ರಾಜಿ ಬೇಡ. ಈಜು ಬರುತ್ತದೆ ಅನ್ನುವವರೂ ಹಾಕಬೇಕು, ಎಲ್ಲ ಬಕಲ್ ಹಾಕಬೇಕು. ಹಾಕಿದ ಮೇಲೆ ಇನ್ನೊಬ್ಬರು ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯವರೆಗೆ ಬಂದರೆ ಸಡಿಲ ಅಂತ. ಮಕ್ಕಳದ್ದಕ್ಕೆ ಕಾಲಿನ ಸಂದಿಯಲ್ಲಿ ಹಾದುಬರುವ ಪಟ್ಟಿ ಇರಬೇಕು.

ಜೀನ್ಸ್, ಸೀರೆ, ಉದ್ದ ದುಪ್ಪಟ್ಟಾ ಬೇಡ. ತುಂಬು ತೋಳಿನ ತೆಳು ಅಂಗಿ, ಬೇಗ ಒಣಗುವ ಪ್ಯಾಂಟು, ದಾರ ಇರುವ ಟೋಪಿ. ಕನ್ನಡಕಕ್ಕೂ ಹಿಂದಿನಿಂದ ದಾರ ಕಟ್ಟಿ. ನೀರಿನ ಮೇಲೆ ಬಿಸಿಲು ಎರಡು ಕಡೆಯಿಂದ ಹೊಡೆಯುತ್ತದೆ, ಗಲ್ಲದ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ, ಬರಿಗಾಲಿನಲ್ಲಿ ಇಳಿದರೆ ಚಿಪ್ಪು ಕೊಯ್ಯುತ್ತದೆ.

ತಲೆಗೆ ಕನಿಷ್ಠ ಒಂದೂವರೆ ಲೀಟರ್ ಕುಡಿಯುವ ನೀರು. ಹೊಳೆಯ ನೀರು ಉಪ್ಪು. ತಿಂಡಿಗೆ ಬಾಳೆಹಣ್ಣು, ಚಕ್ಕುಲಿ, ಒಗ್ಗರಣೆ ಅವಲಕ್ಕಿ ಅಥವಾ ಬೆಳಿಗ್ಗೆ ಹೋಟೆಲಿನಿಂದ ಕಟ್ಟಿಸಿಕೊಂಡ ಬನ್ಸ್. ಬನ್ಸ್ ಆದರೆ ಇನ್ನೂ ಒಳ್ಳೆಯದು, ಒಣಗುವುದಿಲ್ಲ, ಚಟ್ನಿಯೂ ಬೇಡ. ಡಬ್ಬಿಯಲ್ಲಿ ಹಾಕಿ ತನ್ನಿ, ಪ್ಲಾಸ್ಟಿಕ್ ಲಕೋಟೆ ಬೇಡ. ಕುಡಿದು ಬರುವವರನ್ನು ದಡದಲ್ಲೇ ಬಿಡಿ, ಎಷ್ಟೇ ಹತ್ತಿರದ ಗೆಳೆಯನಾದರೂ. ಫೋನಿಗೆ ನೀರು ಹೋಗದ ಚೀಲ, ಅದಕ್ಕೆ ಕುತ್ತಿಗೆಯ ದಾರ. ಕಾರಿನ ಕೀ ಒಬ್ಬರೇ ಇಟ್ಟುಕೊಳ್ಳುವುದಕ್ಕಿಂತ ದಡದಲ್ಲಿ ಉಳಿಯುವವರ ಕೈಗೆ ಕೊಡಿ. ಅದೇ ವ್ಯಕ್ತಿಗೆ ನಾವು ಎಷ್ಟು ಜನ, ಎಲ್ಲಿಯವರೆಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರೆದು ಕೊಟ್ಟು ಹೊರಡಿ.

ದಡದಲ್ಲಿ ಅರ್ಧ ಗಂಟೆ

ಈ ಅರ್ಧ ಗಂಟೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮೊದಲು ನೆಲದ ಮೇಲೇ ಹುಟ್ಟು ಹಿಡಿಯುವುದು. ಎರಡು ಕೈ ಹೆಗಲಿಗಿಂತ ಸ್ವಲ್ಪ ಅಗಲಕ್ಕೆ, ಹುಟ್ಟಿನ ಗುಳಿಬಿದ್ದ ಮುಖ ನಿಮ್ಮ ಕಡೆಗೆ. ಬಿಗಿಹಿಡಿಯಬೇಡಿ, ಗಂಟೆಯೊಳಗೆ ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಬೆನ್ನು ನೇರ, ಕಾಲು ಮುಂದಿನ ಮೆಟ್ಟಿಗೆ ಒತ್ತಿರಲಿ. ಪಾದದ ಪಕ್ಕದಲ್ಲಿ ಹುಟ್ಟು ನೀರಿಗಿಳಿದು ಸೊಂಟದ ಪಕ್ಕದಲ್ಲಿ ಮೇಲೇಳಬೇಕು, ಅದಕ್ಕಿಂತ ಹಿಂದಕ್ಕೆ ಎಳೆದರೆ ದೋಣಿ ಮುಂದೆ ಹೋಗುವ ಬದಲು ತಿರುಗುತ್ತದೆ. ಮಜ್ಜಿಗೆ ಕಡೆಯುವಾಗ ಮೈ ತಿರುಗುವ ಹಾಗೆ ಇಲ್ಲೂ ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು. ತೋಳಿನ ಬಲದಲ್ಲೇ ಎಳೆದವರಿಗೆ ಮರುದಿನ ಕೈ ಎತ್ತಲು ಆಗುವುದಿಲ್ಲ.

ಎಡಕ್ಕೆ ತಿರುಗಲು ಬಲಗಡೆ ಹುಟ್ಟನ್ನು ದೋಣಿಯಿಂದ ದೂರಕ್ಕೆ ಚಾಚಿ ಮುಂದಿನಿಂದ ಹಿಂದಕ್ಕೆ ದೊಡ್ಡ ಅರ್ಧ ವೃತ್ತ ಎಳೆಯಿರಿ. ಬಲಕ್ಕೆ ಇದರ ತದ್ವಿರುದ್ಧ. ನಿಲ್ಲಿಸಲು ಎಡ, ಬಲ, ಎಡ ಅಂತ ಹುಟ್ಟನ್ನು ಚಿಕ್ಕದಾಗಿ ಹಿಂದಿನಿಂದ ಮುಂದಕ್ಕೆ ತಳ್ಳಿ. ಮೊದಲ ದಿನಕ್ಕೆ ಇಷ್ಟು ಸಾಕು.

ಆಮೇಲೆ ಸೊಂಟದವರೆಗಿನ ನೀರಿನಲ್ಲಿ, ಗಟ್ಟಿ ಮರಳಿರುವ ಜಾಗ ನೋಡಿ, ಬೇಕಂತಲೇ ಬೀಳುವುದನ್ನು ಕಲಿಯಿರಿ. ಬಿದ್ದ ಕೂಡಲೇ ಮೊದಲ ಕೆಲಸ ದೋಣಿ ಹಿಡಿದುಕೊಳ್ಳುವುದು, ಎರಡನೆಯದು ಹುಟ್ಟು. ಮಗುಚಿದ್ದರೆ ಒಂದು ಬದಿಯಿಂದ ಆಚೆಬದಿಯ ಅಂಚು ಹಿಡಿದು ನಿಮ್ಮ ಕಡೆ ಎಳೆದು ಸರಿಮಾಡಿ. ಹತ್ತುವಾಗ ಎರಡೂ ಕೈ ದೋಣಿಯ ಮೇಲೆ, ಕಾಲು ಹಿಂದಕ್ಕೆ ಬಡಿದು ಮೈ ನೀರಿನ ಮಟ್ಟಕ್ಕೆ ಬರಲಿ, ಆಮೇಲೆ ಒಮ್ಮೆಲೇ ಹೊಟ್ಟೆಯ ಮೇಲೆ ಅಡ್ಡ ಬೀಳಿ, ಮಗ್ಗುಲಾಗಿ ಕುಂಡೆ ಸೀಟಿಗೆ ತನ್ನಿ, ಕೊನೆಗೆ ಕಾಲು. ನಿಂತಲ್ಲಿಂದ ಹಾರಿ ಹತ್ತಲು ಹೋದರೆ ಮತ್ತೆ ಮಗುಚುತ್ತದೆ. ಇನ್ನೊಂದು ದೋಣಿಯವರು ಆಚೆಬದಿಯಿಂದ ಒತ್ತಿ ಹಿಡಿದರೆ ಬಹಳ ಸುಲಭ. ಒಮ್ಮೆ ಬಿದ್ದು ಎದ್ದವರ ಮುಖದಲ್ಲಿ ಹೆದರಿಕೆ ಹೋಗಿರುತ್ತದೆ, ಆಮೇಲೆ ಅವರು ದೋಣಿಯಲ್ಲಿ ಮೈ ಬಿಗಿಹಿಡಿಯುವುದಿಲ್ಲ. ಮೈ ಬಿಗಿಹಿಡಿದವರೇ ಜಾಸ್ತಿ ಬೀಳುವುದು, ಅದಕ್ಕಾಗಿಯೇ ಇದನ್ನು ಮೊದಲು ಮಾಡಿಸಬೇಕು ಅನ್ನುತ್ತೇನೆ.

ನೀರಿನ ಮೇಲೆ

ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಮುಂದಿನವರನ್ನು ಯಾರೂ ದಾಟುವಂತಿಲ್ಲ, ಕೊನೆಯವರ ಹಿಂದೆ ಯಾರೂ ಉಳಿಯುವಂತಿಲ್ಲ. ಇಬ್ಬರ ಹತ್ತಿರವೂ ಸೀಟಿ. ಒಂದು ಸಲ ಊದಿದರೆ ನನ್ನ ಕಡೆ ನೋಡಿ ಅಂತ, ಎರಡು ಸಲ ಅಂದರೆ ನಿಂತು ಒಟ್ಟಾಗಿ, ಮೂರು ಸಲ ಅಂದರೆ ಸಹಾಯ ಬೇಕು. ಹೊರಡುವ ಮೊದಲು ಮಕ್ಕಳ ಬಾಯಲ್ಲಿ ಇದನ್ನು ಹೇಳಿಸಿ, ಅವರು ಮರೆಯುವುದಿಲ್ಲ. ಮಕ್ಕಳಿಗೆ ಸೀಟಿ ಕೊಡಬೇಡಿ ಮಾತ್ರ.

ವೇಗ ನಿಧಾನದವರದ್ದು. ಹೊಸಬರ ಗುಂಪು ಗಂಟೆಗೆ 3 ಕಿ.ಮೀ. ಹೋದರೆ ಅದೇ ಹೆಚ್ಚು. ಹೋಗಿಬಂದು 5 ಕಿ.ಮೀ. ಅಂತ ಇಟ್ಟುಕೊಂಡರೆ ನಿಂತು ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ದೂರ ಮುಟ್ಟಬೇಕು ಅನ್ನುವ ಹಟ ಈ ಹೊಳೆಗೆ ಸರಿಯಲ್ಲ. ಇಲ್ಲಿ ನೋಡಲು ಇರುವುದೆಲ್ಲ ದಡದಲ್ಲಿ, ಒಂದು ಕೈ ಅಳತೆಯಲ್ಲಿ. ಮುಂದಿನವರು ಹದಿನೈದು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನಿಲ್ಲಬೇಕು. ಹಿಂದಿನವರು ಬಂದು ಸೇರಿದ ಕೂಡಲೇ ಹೊರಟುಬಿಡಬಾರದು. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಅದು ಸಿಗದೆ ಹೋಗುತ್ತದೆ. ಅವರು ಬಂದು, ನೀರು ಕುಡಿದು, ಉಸಿರು ಬಿಟ್ಟ ಮೇಲೆ ಹೊರಡಿ.

ಮೋಟಾರು ದೋಣಿ ಬಂದರೆ ಎಲ್ಲರೂ ಒಂದೇ ಬದಿಯ ದಡಕ್ಕೆ ಸರಿಯಿರಿ, ಅರ್ಧ ಜನ ಆಚೆ ಅರ್ಧ ಜನ ಈಚೆ ಅಂತಾಗಬಾರದು. ಅದರ ಅಲೆ ಬರುವಾಗ ದೋಣಿಯ ಮೂತಿ ಅಲೆಯ ಕಡೆ ತಿರುಗಿಸಿ. ಅಡ್ಡಕ್ಕೆ ಸಿಕ್ಕರೆ ಅಲ್ಲಾಡಿಸುತ್ತದೆ. ಒಳಗಿನ ಕಡೆ ಕಿಂಡಿ ಅಣೆಕಟ್ಟು ಕಂಡರೆ ದೂರದಿಂದಲೇ ತಿರುಗಿ. ಬೇಸಿಗೆಯಲ್ಲಿ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಹಲಗೆ ಹಾಕಿ ತಡೆದಿರುತ್ತಾರೆ, ಹಲಗೆಯ ಸಂದಿಯಲ್ಲಿ ನೀರು ಸೆಳೆಯುತ್ತಿರುತ್ತದೆ.

ಕಾಂಡ್ಲದ ಓಣಿಯಲ್ಲಿ

ಈ ಪ್ರಯಾಣದ ಜೀವ ಇದು. ಭರತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಮಾತ್ರ ಒಳಗೆ ಹೋಗಿ, ನೀರು ಇಳಿಯಲು ಶುರುವಾಗುವ ಮೊದಲು ಹೊರಬನ್ನಿ. ಸಾಲಾಗಿ, ಒಂದರ ಹಿಂದೆ ಒಂದು, ನಡುವೆ ಒಂದು ದೋಣಿಯಷ್ಟು ಜಾಗ. ಮಾತು ನಿಲ್ಲಿಸಲು ಹೇಳಿ. ಎರಡು ನಿಮಿಷ ಸುಮ್ಮನಿದ್ದರೆ ಕೆಸರಿನಲ್ಲಿ ಏಡಿಗಳು ಹೊರಬರುತ್ತವೆ, ತಲೆಯ ಮೇಲಿನ ಕೊಂಬೆಯಲ್ಲಿ ಮಿಂಚುಳ್ಳಿ ಕೂತಿದ್ದು ಕಾಣುತ್ತದೆ, ದಡದ ಕೆಸರಿನಲ್ಲಿ ಬೆಳ್ಳಕ್ಕಿ ಕಾಲು ಎತ್ತಿ ಇಡುವುದೂ ಕೇಳಿಸುವಷ್ಟು ನಿಶ್ಶಬ್ದ. ಮೇಲೆ ಗರುಡ ಸುತ್ತುತ್ತಿರುತ್ತದೆ, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಅದೃಷ್ಟ ಇದ್ದರೆ ನೀರುನಾಯಿ.

ಮಕ್ಕಳಿಗೆ ಗಿಡ ತೋರಿಸಿ. ಕಮಾನಿನ ಹಾಗೆ ಬೇರು ಬಿಟ್ಟು ನಿಂತದ್ದು ಕಾಂಡ್ಲ. ಅದರ ಬೀಜ ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ, ತಾಯಿಗಿಡದ ಮೇಲೇ ಮೊಳೆತು ಉದ್ದ ಹಸಿರು ಕೋಲಾಗಿ ನೇತಾಡುತ್ತದೆ, ಆಮೇಲೆ ಉದುರಿ ಕೆಸರಿಗೆ ನಾಟಿಕೊಳ್ಳುತ್ತದೆ ಅಥವಾ ತೇಲಿ ಬೇರೆ ಜಾಗ ಹುಡುಕುತ್ತದೆ. ಉಪ್ಪಟ್ಟಿ ಅನ್ನುವ ಇನ್ನೊಂದು ಗಿಡದ್ದು ಬೇರೆ ಬಗೆ. ಅದರ ಬೇರು ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ನಿಲ್ಲಿಸಿದ ಹಾಗೆ ಎದ್ದಿರುತ್ತದೆ, ಉಸಿರಾಡಲು. ಕೆಸರಿನೊಳಗೆ ಗಾಳಿ ಇಲ್ಲವಲ್ಲ. ಅದರ ಎಲೆ ಉಪ್ಪನ್ನು ಹೊರಹಾಕುತ್ತದೆ, ನಾಲಿಗೆಗೆ ತಾಗಿಸಿದರೆ ಗೊತ್ತಾಗುತ್ತದೆ. ಮೀನು, ಸಿಗಡಿಗಳ ಮರಿಗಳು ಬೆಳೆಯುವುದು ಈ ಬೇರುಗಳ ನಡುವೆ. ಇದು ಹೋದರೆ ಹೊಳೆಯ ಮೀನೂ ಹೋಗುತ್ತದೆ, ದಡವೂ ಕುಸಿಯುತ್ತದೆ. ಹಾಗಾಗಿ ಸಸಿ ಕೀಳುವುದು, ಕೊಂಬೆ ಮುರಿಯುವುದು, ಸೆಲ್ಫಿಗೆ ಬೇರಿನ ಮೇಲೆ ಹತ್ತುವುದು ಯಾವುದೂ ಬೇಡ.

ಕೊಂಬೆ ಹಿಡಿದುಕೊಳ್ಳುವುದಂತೂ ಬೇಡವೇ ಬೇಡ. ನೀವು ಕೊಂಬೆ ಹಿಡಿದಿರುತ್ತೀರಿ, ದೋಣಿ ಕೆಳಗಿನಿಂದ ಜಾರಿಹೋಗುತ್ತದೆ. ಓಣಿಯಲ್ಲಿ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಹೀಗೇ. ನೀರು ದೋಣಿಯನ್ನು ಬೇರಿಗೆ ತಂದು ಒತ್ತಿದರೆ ಮೈಯನ್ನು ಬೇರಿನ ಕಡೆಗೇ ವಾಲಿಸಿ, ದೂರಕ್ಕೆ ವಾಲಿಸಿದರೆ ಮಗುಚುತ್ತದೆ. ಬೇರಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತ, ಕೈಯಿಂದ ತಳ್ಳಬೇಡಿ, ಹುಟ್ಟಿನಿಂದ ತಳ್ಳಿ. ಕೆಸರಿನ ಜಾಗದಲ್ಲಿ ನೀರಿಗೆ ಬಿದ್ದರೆ ಎದ್ದು ನಿಲ್ಲಲು ನೋಡಬೇಡಿ, ಕಾಲು ಹೂತುಹೋಗುತ್ತದೆ. ಅಂಗಾತ ತೇಲುತ್ತಾ ದೋಣಿ ಹಿಡಿದುಕೊಳ್ಳಿ, ಹಿಂದಿನ ದೋಣಿಯವರು ಬರುತ್ತಾರೆ.

ಹೊಳೆಯಲ್ಲಿ ಕೆಲಸ ಮಾಡುವವರು

ನಮಗೆ ರಜೆ, ಅವರಿಗೆ ಕೆಲಸದ ದಿನ. ಗೂಟ ನೆಟ್ಟು ಬಲೆ ಕಟ್ಟಿದ್ದರೆ ಅದರ ತುದಿ ಎಲ್ಲಿದೆ ಅಂತ ನೋಡಿ ಪೂರ್ತಿ ಸುತ್ತಿ ಹೋಗಿ. ಗೂಟದ ನಡುವೆ ನುಗ್ಗಬೇಡಿ. ಬೀಸುಬಲೆ ಹಿಡಿದು ಒಬ್ಬರು ನಿಂತಿದ್ದರೆ ದೂರದಲ್ಲೇ ಹುಟ್ಟು ಎತ್ತಿ ನಿಲ್ಲಿ. ಅವರು ಬಲೆ ಬೀಸಿ ಎಳೆದುಕೊಳ್ಳಲಿ, ಆಮೇಲೆ ಕೈ ಬೀಸಿ ದಾಟಿ. ಹತ್ತು ದೋಣಿಗಳು ನೀರು ಬಡಿಯುತ್ತಾ ಬಂದರೆ ಅವರು ಅರ್ಧ ಗಂಟೆ ಕಾದ ಮೀನು ಓಡಿಹೋಗುತ್ತದೆ. ನೀರು ಕಡಿಮೆ ಇದ್ದಾಗ ಎದೆಮಟ್ಟದ ನೀರಿನಲ್ಲಿ ಮುಳುಗಿ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರು ಇರುತ್ತಾರೆ. ನೀರಿನ ಮೇಲೆ ತಲೆ ಮಾತ್ರ ಕಾಣುತ್ತದೆ, ಒಮ್ಮೊಮ್ಮೆ ಅದೂ ಕಾಣುವುದಿಲ್ಲ. ಪಕ್ಕದಲ್ಲಿ ಖಾಲಿ ಪಾತ್ರೆಯೋ ದೋಣಿಯೋ ತೇಲುತ್ತಿದ್ದರೆ ಅದರ ಹತ್ತಿರ ಮನುಷ್ಯರಿದ್ದಾರೆ ಅಂತಲೇ ತಿಳಿಯಿರಿ.

ದಡದ ಮನೆಗಳ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿರುತ್ತಾರೆ, ಸ್ನಾನ ಮಾಡುತ್ತಿರುತ್ತಾರೆ. ಕ್ಯಾಮೆರಾ ಆ ಕಡೆ ತಿರುಗಿಸಬೇಡಿ. ಯಾರದ್ದಾದರೂ ತೋಟದ ಬದಿ ಅಥವಾ ಕುದ್ರುವಿನಲ್ಲಿ (ಹೊಳೆ ನಡುವಿನ ನಡುಗಡ್ಡೆಯಲ್ಲಿ) ಇಳಿಯಬೇಕಾದರೆ ಕೇಳಿ ಇಳಿಯಿರಿ. "ಅಕ್ಕ, ಹತ್ತು ನಿಮಿಷ ಕೂತ್ಕೊಳ್ಬಹುದಾ?" ಅಂದರೆ ಬೇಡ ಅನ್ನುವವರು ಕಡಿಮೆ, ಎಳನೀರು ಬೇಕಾ ಅಂತ ಕೇಳುವವರೇ ಹೆಚ್ಚು. ಬೇಕು ಅನ್ನಿ, ಕುಡಿದು ದುಡ್ಡು ಕೊಡಿ. ಸ್ಪೀಕರ್ ಹಚ್ಚುವ ಗುಂಪುಗಳು ಈಚೆಗೆ ಜಾಸ್ತಿಯಾಗಿವೆ. ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ, ಎರಡೂ ದಡದ ಮನೆಗಳಿಗೆ ಕೇಳುತ್ತದೆ. ದಯವಿಟ್ಟು ಬೇಡ.

ವಾಪಸ್ ಬಂದ ಮೇಲೆ

ದಡ ಮುಟ್ಟಿದ ಕೂಡಲೇ ತಲೆ ಎಣಿಸಿ, ಆಮೇಲೆ ಜಾಕೆಟ್ ಬಿಚ್ಚಿಸಿ. ಮುಂದಿನವರು ಇಳಿಯುವಾಗ ಹಿಂದಿನವರು ದೋಣಿ ಅಲ್ಲಾಡದ ಹಾಗೆ ಕೂತಿರಬೇಕು. ಮಗುಚುವುದರಲ್ಲಿ ಒಂದು ಪಾಲು ದಡದ ಹತ್ತಿರವೇ, ಮುಗಿಯಿತು ಅನ್ನುವ ಗಡಿಬಿಡಿಯಲ್ಲಿ. ಜಾಕೆಟ್, ಹುಟ್ಟು ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಕೊಡಿ. ಚಿಪ್ಪು ಕೊಯ್ದ ಗಾಯ ಇದ್ದರೆ ಎಷ್ಟೇ ಸಣ್ಣದಾದರೂ ಸೋಪು ಹಾಕಿ ತೊಳೆಯಿರಿ, ಕೆಸರು ಒಳಗುಳಿದರೆ ಬೇಗ ಕೀವು ಕಟ್ಟುತ್ತದೆ.

ಊಟಕ್ಕೆ ಸಾಲಿಗ್ರಾಮ, ಕೋಟದ ಹೋಟೆಲುಗಳಿವೆ. ಮಧ್ಯಾಹ್ನದ ಮೇಲೆ ಸಮಯ ಉಳಿದರೆ ಕೋಟ ಪಕ್ಕದಲ್ಲೇ, ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. ಬಾರ್ಕೂರಿಗೂ ಹೋಗಬಹುದು. ಆಳುಪರ ಕಾಲದಲ್ಲಿ ರಾಜಧಾನಿಯಾಗಿದ್ದ ಊರು ಅದು, ಅಲ್ಲಿಯೂ ಇದೇ ಸೀತಾ ಹೊಳೆ. ಬೆಂಗಳೂರಿನವರು ರಾತ್ರಿ ರೈಲಿಗೆ ಉಡುಪಿ ಅಥವಾ ಕುಂದಾಪುರಕ್ಕೆ ಬಂದು ಇಳಿಯುವುದಾದರೆ ರೈಲು ಇಳಿದ ದಿನವೇ ನೀರಿಗೆ ಇಳಿಯಬೇಡಿ. ನಿದ್ದೆಗೆಟ್ಟ ಮೈಗೆ ಬಿಸಿಲು ತಡೆಯುವುದಿಲ್ಲ. ಮೊದಲ ದಿನ ಊರು ಸುತ್ತಿ, ಸಂಜೆ ಹೊಳೆಯ ದಡಕ್ಕೆ ಹೋಗಿ ನೀರು ಯಾವ ಕಡೆ ಹರಿಯುತ್ತಿದೆ ಅಂತ ನೋಡಿ, ದೋಣಿಯವರ ಹತ್ತಿರ ಮರುದಿನದ ಭರತದ ಸಮಯ ಇನ್ನೊಮ್ಮೆ ಕೇಳಿಕೊಂಡು ಬೇಗ ಮಲಗಿ.